ಆತಕೂರಿನ ಕಾಳಿ ಮತ್ತು ನಮ್ಮ ಮನೆಯ ಪುಟ್ಟಿ



ಕಳೆದ ಏಳೆಂಟು ತಿಂಗಳುಗಳಿಂದ ನಾನು ಏನನ್ನೂ ಬರೆಯದಿರುವುದನ್ನು ಕಂಡು ನಿಮ್ಮಲ್ಲಿ ಅನೇಕರು ದೂರವಾಣಿಯ ಮೂಲಕ ವಿಚಾರಿಸಿದಿರಿ. ಮೇಷ್ಟ್ರಿಗೆ ಆರೋಗ್ಯ ಸರಿಯಿಲ್ಲವೇ ಎಂದು ಆತಂಕಪಟ್ಟವರೂ ಉಂಟು. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಅರವತ್ತಾರರ ವಯಸ್ಸಿನಲ್ಲಿ ಎಷ್ಟು ಸರಿಯಿರಬೇಕೋ ಅಷ್ಟು ಸರಿಯಾಗಿಯೇ ಇದೆ. ಕಾಯಿಲೆ ಬಿದ್ದದ್ದು ನಮ್ಮ ಮನೆಯ ನಾಯಿ ಪುಟ್ಟಿ. ನಾಯಿಯ ಕಾಯಿಲೆಯ ಕಥೆಯನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಬೇಕೆ ಎಂದು ಮೊದಲು ಸಂಕೋಚಪಟ್ಟೆ. ಆದರೆ ಆಕೆಯ ಪಕ್ಕದಲ್ಲಿ ಕುಳಿತ ರಾತ್ರಿಗಳಲ್ಲಿ, ಮೂವತ್ತು ವರ್ಷಗಳ ಹಿಂದೆ ಹುಡುಗನೊಬ್ಬನು ಕೇಳಿ ನಾನು ಉತ್ತರಿಸದೆ ಬಿಟ್ಟಿದ್ದ ಪ್ರಶ್ನೆಯೊಂದು ಮತ್ತೆ ಎದುರಿಗೆ ಬಂದು ನಿಂತಿತು. ಇತಿಹಾಸದ ಮೇಷ್ಟ್ರಾದವನು ಪ್ರಶ್ನೆಯ ಸಾಲವನ್ನು ಉಳಿಸಿಕೊಳ್ಳಬಾರದು. ಆದುದರಿಂದ ಈ ಬರಹ.

1994ನೆಯ ಇಸವಿ. ಒಂಬತ್ತನೆಯ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ವಿಧಾನಸೌಧ, ಕಬ್ಬನ್ ಪಾರ್ಕು ಮುಗಿಸಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. 1865ರಲ್ಲಿ ಸ್ಥಾಪನೆಯಾದ ಆ ಸಂಗ್ರಹಾಲಯದಲ್ಲಿ ನಮ್ಮ ಮಂಡ್ಯ ಜಿಲ್ಲೆಯವರು ನೋಡಲೇಬೇಕಾದ ವಸ್ತುವೊಂದಿದೆ. ಅದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ವೀರಗಲ್ಲು. ಕಲ್ಲಿನಲ್ಲಿ ಒಂದು ನಾಯಿಯೂ ಒಂದು ಕಾಡುಹಂದಿಯೂ ಕಾದಾಡುತ್ತಿರುವ ಚಿತ್ರ. ಅದರೊಡನೆ ಹಳಗನ್ನಡದ ಶಾಸನ. ಕಾಲ ಕ್ರಿ.ಶ. 949–50.

ಶಾಸನದ ಸಾರಾಂಶವನ್ನು ಮಕ್ಕಳಿಗೆ ಹೇಳಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದಾಗ ಗಂಗರ ಇಮ್ಮಡಿ ಬೂತುಗನು ಅವನ ಪರವಾಗಿ ಹೋರಾಡಿದನು. ಬೂತುಗನ ಕೈಕೆಳಗಿನ ವೀರ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳಿಕೊ ಎಂದಾಗ ಮಣಲೆರನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆ ಕಾಳಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ತನ್ನ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟನು. ಅಲ್ಲಿನ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವೇ ಅವನಿಗೆ ಎಂಬ ಕಟ್ಟಳೆಯೂ ಶಾಸನದಲ್ಲಿದೆ. ಚೋಳ, ರಾಷ್ಟ್ರಕೂಟ, ಗಂಗ ಎಂಬ ಮೂರು ರಾಜವಂಶಗಳ ಚರಿತ್ರೆಗೆ ಆಧಾರವಾದ ಆ ಶಾಸನವು ಉಳಿದುಬಂದದ್ದು ಒಂದು ನಾಯಿಯ ನೆಪದಲ್ಲಿ ಎಂದು ನಾನು ಹೆಮ್ಮೆಯಿಂದ ವಿವರಿಸಿದೆ.

ಆಗ ಹಿಂದೆ ನಿಂತಿದ್ದ ಹುಡುಗನೊಬ್ಬನು ಕೇಳಿದನು: "ಸಾ, ಆ ನಾಯಿ ಸಾಯ್ದೆ ಬರೀ ನಡ ಮುರ್ಕಂಡಿದ್ರೆ ಕಲ್ಲು ನಿಲ್ಸೋರಾ?"

ಮಕ್ಕಳೆಲ್ಲರೂ ನಕ್ಕರು. ಬಸ್ಸಿಗೆ ಹೊತ್ತಾಗಿತ್ತು. "ಪರೀಕ್ಷೆಗೆ ಬರೋದನ್ನು ಕೇಳಪ್ಪ, ನಡಿ ನಡಿ" ಎಂದು ನಾನೂ ನಕ್ಕು ಮುಂದಕ್ಕೆ ನಡೆದೆ.

ಇನ್ನು ಪುಟ್ಟಿಯ ವಿಷಯ. ನಮ್ಮ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸಾಕಿದ ಕಂದುಬಣ್ಣದ ಡ್ಯಾಷ್‌ಹೌಂಡ್ ಅದು. ಮದುವೆಯಾಗಿ ಪರದೇಶಕ್ಕೆ ಹೊರಟಾಗ "ಅಪ್ಪಾ, ಆರು ತಿಂಗಳು ನೋಡಿಕೊಳ್ಳಿ" ಎಂದು ಬಿಟ್ಟುಹೋದಳು. ಆ ಆರು ತಿಂಗಳು ನಾಲ್ಕು ವರ್ಷಗಳಾದವು. ನಾಯಿಯನ್ನು ಹೊಸ್ತಿಲೊಳಗೆ ಬಿಡುವುದಿಲ್ಲವೆಂದಿದ್ದ ನನ್ನ ಹೆಂಡತಿಯ ಮಂಚದ ಕೆಳಗೇ ಅದರ ಹಾಸಿಗೆಯಾಯಿತು.

ಕಳೆದ ಶ್ರಾವಣದಲ್ಲಿ ಒಂದು ದಿನ ಪುಟ್ಟಿ ಸೋಫಾದಿಂದ ಕೆಳಗೆ ಧುಮುಕಿ ಒಮ್ಮೆ ಕಿರುಚಿತು. ಸಂಜೆಯವರೆಗೆ ಬೆನ್ನನ್ನು ಗೂನಾಗಿಸಿ ಮೂಲೆಯಲ್ಲಿ ನಿಂತಿತ್ತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಿಂಗಾಲುಗಳೆರಡೂ ನೆಲದ ಮೇಲೆ ಚೆಲ್ಲಿಕೊಂಡಿದ್ದವು. ಮುಂಗಾಲುಗಳ ಮೇಲೆ ಮೈಯನ್ನು ಎಳೆದುಕೊಂಡು ಬಾಗಿಲವರೆಗೆ ಬಂದು, ನನ್ನನ್ನು ಕಂಡು ಎಂದಿನಂತೆ ಬಾಲ ಆಡಿಸಲು ಹೋಯಿತು. ಬಾಲ ಏಳಲಿಲ್ಲ.

ಮೊದಲು ತೋರಿಸಿದ ಪಶುವೈದ್ಯರು ಪರೀಕ್ಷಿಸಿ, "ಮೇಷ್ಟ್ರೇ, ಇದು ಬೆನ್ನುಮೂಳೆಯ ತೊಂದರೆ. ಮನುಷ್ಯರಿಗೇ ಕಷ್ಟ. ನೋವಿಲ್ಲದಂತೆ ಒಂದು ಚುಚ್ಚುಮದ್ದು ಕೊಟ್ಟು ಮುಗಿಸಿಬಿಡೋಣ" ಎಂದರು. ಅವರ ಮಾತಿನಲ್ಲಿ ಕಾಠಿಣ್ಯವಿರಲಿಲ್ಲ. ಬೇರೊಬ್ಬ ವೈದ್ಯರು ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಬಲವಾಗಿ ಒತ್ತಿ ನೋಡಿದರು. ಪುಟ್ಟಿ ತಲೆ ತಿರುಗಿಸಿ ನೋಡಿತು. "ಕಾಲನ್ನು ಎಳೆದುಕೊಳ್ಳುವುದಷ್ಟೇ ಸಾಲದು, ತಲೆ ತಿರುಗಿಸಬೇಕು. ನೋವು ಮಿದುಳಿಗೆ ತಲುಪುತ್ತಿದೆಯೆಂದು ಅರ್ಥ. ಆಸೆಯುಂಟು" ಎಂದರು. ಶಸ್ತ್ರಚಿಕಿತ್ಸೆ ಮೊದಲ ಆಯ್ಕೆ, ಅದು ಬೆಂಗಳೂರಿನಲ್ಲಿ, ಅದೂ ತಡಮಾಡದೆ. ಖರ್ಚನ್ನು ಲೆಕ್ಕ ಹಾಕಿದರೆ ನನ್ನ ಎರಡು ತಿಂಗಳ ಪಿಂಚಣಿಗೂ ಮೀರಿತ್ತು. ಅದೇ ವಾರ ನನ್ನ ಹೆಂಡತಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಇನ್ನೊಂದು ದಾರಿ ಎಂದರೆ ಆರು ವಾರಗಳ ಕಟ್ಟುನಿಟ್ಟಾದ ವಿಶ್ರಾಂತಿ, ಔಷಧ ಮತ್ತು ಮನೆಯ ಆರೈಕೆ.

ಆ ರಾತ್ರಿ ನಾನು ಹೆಂಡತಿಗೆ, "ಮೊದಲನೆಯ ಡಾಕ್ಟರು ಹೇಳಿದ್ದೇ ಸರಿಯೇನೋ" ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅತ್ತೆಗೆ ಎರಡು ವರ್ಷ ಮಾಡಿದ ಕೈ ರೀ ಇದು. ಮರೆತಿಲ್ಲ. ನೀವು ಜೊತೆಗೆ ಕೂತರೆ ಆಗುತ್ತೆ" ಎಂದಳು. ಕಣ್ಣಿನ ಶಸ್ತ್ರಚಿಕಿತ್ಸೆಯ ದಿನವನ್ನು ತಾನೇ ಮುಂದಕ್ಕೆ ಹಾಕಿಸಿದಳು.

ಆ ಮಾತಿಗೆ ಮತ್ತೆ ಬರುತ್ತೇನೆ. ಮೊದಲು ಈ ರೋಗದ ಚರಿತ್ರೆಯನ್ನು ಹೇಳಬೇಕು. ಇದು ಪುಟ್ಟಿಯೊಬ್ಬಳ ದುರದೃಷ್ಟವಲ್ಲ; ಅದರ ಮೂಲದಲ್ಲಿ ಮನುಷ್ಯನ ಕೈಯಿದೆ.

ಡ್ಯಾಷ್‌ಹೌಂಡ್ ಜರ್ಮನಿಯ ತಳಿ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ನೆಲದೊಳಗೆ ಬಿಲ ತೋಡಿಕೊಂಡು ವಾಸಿಸುವ ಬ್ಯಾಡ್ಜರ್ ಎಂಬ ಪ್ರಾಣಿ, 'ಹುಂಡ್' ಎಂದರೆ ನಾಯಿ. ಆ ಬಿಲದೊಳಗೆ ನುಗ್ಗಿ ಪ್ರಾಣಿಯನ್ನು ತಡೆಹಿಡಿಯಲು ಗಿಡ್ಡಕಾಲಿನ, ಉದ್ದಮೈಯ, ಧೈರ್ಯವಂತ ನಾಯಿ ಬೇಕಾಗಿತ್ತು. ಬೇಟೆಗಾರರು ತಲೆಮಾರುಗಳ ಕಾಲ ಅಂಥ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು. 1888ರಲ್ಲಿ ಜರ್ಮನಿಯಲ್ಲಿ ಈ ತಳಿಗೆಂದೇ ಒಂದು ಸಂಘ ಹುಟ್ಟಿತು. ಬರಬರುತ್ತಾ ಬೇಟೆ ಹಿಂದೆ ಸರಿದು, ನೋಟದ ಚೆಂದವೇ ಅನೇಕರಿಗೆ ಮುಖ್ಯವಾಯಿತು.

ಬೆನ್ನುಮೂಳೆಯ ಮಣಿಗಳ ನಡುವೆ ಒಂದೊಂದು ಮೆತ್ತೆಯಿದೆ. ಹೊರಗೆ ಗಟ್ಟಿಯಾದ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಬಾಳೆಯ ದಿಂಡನ್ನು ಅಡ್ಡಲಾಗಿ ಕೊಯ್ದರೆ ಸುತ್ತ ಪದರ, ನಡುವೆ ತಿರುಳು ಕಾಣುವುದಿಲ್ಲವೇ, ಹಾಗೆ. ಡ್ಯಾಷ್‌ಹೌಂಡಿನಂಥ ಗಿಡ್ಡಕಾಲಿನ ತಳಿಗಳಲ್ಲಿ ಈ ತಿರುಳು ಎಳೆಯ ವಯಸ್ಸಿನಲ್ಲಿಯೇ ಒಣಗಿ ಸುಣ್ಣಗಟ್ಟುತ್ತದೆ. ಒಂದು ದಿನ ಸಣ್ಣ ಜಿಗಿತಕ್ಕೇ ಉಂಗುರ ಹರಿದು, ಗಟ್ಟಿಯಾದ ತಿರುಳು ಮೇಲಿರುವ ಬೆನ್ನುಹುರಿಗೆ ಬಡಿಯುತ್ತದೆ. ಎದೆಗೂಡು ಮುಗಿದು ಸೊಂಟ ಆರಂಭವಾಗುವ ಜಾಗದಲ್ಲಿ ಇದು ಹೆಚ್ಚು. ಸ್ವೀಡನ್ನಿನ ಪಶುವೈದ್ಯ ಹಾನ್ಸೆನ್ ಎಂಬವರು ಈ ವಿಷಯವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1952ರಲ್ಲಿ ಪ್ರಕಟಿಸಿದರು. ತಿರುಳು ಒಮ್ಮೆಲೇ ಒಡೆದು ಹೊರಬರುವುದು ಒಂದು ಬಗೆ, ಮೆತ್ತೆಯೇ ನಿಧಾನವಾಗಿ ಉಬ್ಬಿ ಒತ್ತುವುದು ಇನ್ನೊಂದು ಬಗೆ ಎಂದು ಅವರು ಮಾಡಿದ ವಿಂಗಡಣೆಯನ್ನು ವೈದ್ಯರು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಇದರ ಕಾರಣ ತಿಳಿದದ್ದು ಇತ್ತೀಚೆಗೆ. ನಾಯಿಯ ಗಿಡ್ಡಕಾಲಿಗೆ ಎಫ್‌ಜಿಎಫ್-4 ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಯೊಂದು ಕಾರಣವೆಂದು 2009ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ವಂಶವಾಹಿಯ ಇನ್ನೊಂದು ಪ್ರತಿ ನಾಯಿಯ ಹನ್ನೆರಡನೆಯ ವರ್ಣತಂತುವಿನಲ್ಲಿ ಸೇರಿಕೊಂಡಿರುವುದೂ, ಮೆತ್ತೆಯ ರೋಗಕ್ಕೆ ಅದೇ ಮೂಲವೆಂಬುದೂ 2017ರಲ್ಲಿ ಗೊತ್ತಾಯಿತು. ಈ ತಳಿಯಲ್ಲಿ ಸುಮಾರು ಐದರಲ್ಲೊಂದು ನಾಯಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಂದರೆಗೆ ಸಿಕ್ಕುತ್ತದೆ. ನಾವು ಮುದ್ದಾಗಿದೆ ಎಂದು ಎತ್ತಿ ಆಡಿಸುವ ಆ ಗಿಡ್ಡಕಾಲು ಉದ್ದಮೈಯ ರೂಪದ ಬೆಲೆಯನ್ನು ನಾಯಿ ತನ್ನ ಬೆನ್ನಿನಲ್ಲಿ ತೆರುತ್ತಿದೆ. ಆ ರೂಪವನ್ನು ಬಯಸಿ ಮಾಡಿದವರು ನಾವು. ಆದುದರಿಂದ ಅದು ಮಲಗಿದಾಗ ನೋಡಿಕೊಳ್ಳುವುದನ್ನು ಬರಿಯ ದಯೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಮನೆಯ ಆರೈಕೆ ಎಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿಯೂ ಇದೇ ತಳಿಯ ನಾಯಿಯಿರುವುದನ್ನು ಬಲ್ಲೆ.

ಬಡಗಿಯಿಂದ ಮರದ ಪಟ್ಟಿಗಳ ಒಂದು ಪುಟ್ಟ ಆವರಣ ಮಾಡಿಸಿದೆವು. ತಿರುಗಿ ಮಲಗಲು ಜಾಗವಿರಬೇಕು, ಓಡಲು ಇರಬಾರದು. ಒಳಗೆ ಕೌದಿ, ಅದರ ಮೇಲೆ ಹಳೆಯ ನೂಲಿನ ಸೀರೆಯ ಮಡಿಕೆ. ಕಾಲಿನಲ್ಲಿ ಸ್ವಾಧೀನವಿಲ್ಲದ ಪ್ರಾಣಿ ಒಂದೇ ಮಗ್ಗುಲಲ್ಲಿ ಮಲಗಿದರೆ ಚರ್ಮ ಒತ್ತಿ ಹುಣ್ಣಾಗುತ್ತದೆ. ಅದಕ್ಕಾಗಿ ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ಮೂತ್ರ. ಬೆನ್ನುಹುರಿಗೆ ಪೆಟ್ಟಾದ ನಾಯಿಗೆ ತಾನಾಗಿ ಮೂತ್ರ ಮಾಡಲು ಆಗದಿರಬಹುದು. ತುಂಬಿದ ಚೀಲದಿಂದ ಹನಿ ಹನಿಯಾಗಿ ಸೋರಿದ್ದನ್ನು ಕಂಡು, ಆಗುತ್ತಿದೆಯೆಂದು ನಾವು ಮೋಸಹೋಗುತ್ತೇವೆ. ಹೊಟ್ಟೆಯ ಹಿಂಭಾಗವನ್ನು ಎರಡು ಕಡೆಯಿಂದ ಮೃದುವಾಗಿ ಒತ್ತಿ, ದಿನಕ್ಕೆ ಮೂರು ನಾಲ್ಕು ಸಲ ಖಾಲಿ ಮಾಡಬೇಕು. ಇದನ್ನು ವೈದ್ಯರ ಎದುರಿನಲ್ಲಿಯೇ ಕಲಿಯಬೇಕು, ಓದಿ ಮಾಡುವಂಥದಲ್ಲ. ಖಾಲಿಯಾಗದೆ ನಿಂತರೆ ಸೋಂಕು ತಗಲುತ್ತದೆ. ನನಗೆ ಎರಡು ವಾರ ಕೈಗೆ ಆ ಚೀಲವೇ ಸಿಕ್ಕಲಿಲ್ಲ. ನನ್ನ ಹೆಂಡತಿಗೆ ಎರಡನೆಯ ದಿನವೇ ಸಿಕ್ಕಿತು.

ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಬೆನ್ನು ಹಲಗೆಯಂತೆ ನೇರವಾಗಿರಬೇಕು. ಕುತ್ತಿಗೆಯ ಪಟ್ಟಿ ಬೇಡ, ಎದೆಗೆ ಹಾಕುವ ಪಟ್ಟಿಯೇ ಆಗಬೇಕು. ತೂಕ ಏರಿದರೆ ಬೆನ್ನಿಗೆ ಹೊರೆ; ಆದುದರಿಂದ ಬಿಸ್ಕತ್ತು ಬಂದ್. ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಬಾರದು. ಮನುಷ್ಯನಿಗೆ ಹಿತವಾದದ್ದು ನಾಯಿಗೆ ವಿಷವಾಗಬಹುದು. ಆರು ವಾರ ಮುಗಿದ ಮೇಲೆ ವೈದ್ಯರ ಅಪ್ಪಣೆ ಪಡೆದು, ಟವೆಲ್ಲನ್ನು ಹೊಟ್ಟೆಯ ಕೆಳಗೆ ಜೋಲಿಯಂತೆ ಹಾಕಿ, ಹಿಂಭಾಗವನ್ನು ಎತ್ತಿ ಹಿಡಿದು ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸುವುದು. ಕೂತಲ್ಲಿ ಕಾಲುಗಳನ್ನು ಸೈಕಲ್ ತುಳಿಸುವಂತೆ ಆಡಿಸುವುದು.

ಬೀದಿಯ ಹಿರಿಯರೊಬ್ಬರು ಇದನ್ನೆಲ್ಲ ನೋಡಿ, "ಹೆತ್ತವರನ್ನೇ ನೋಡಿಕೊಳ್ಳದ ಕಾಲದಲ್ಲಿ ನಾಯಿಗೆ ಇಷ್ಟು ಉಪಚಾರವೇ ಮೇಷ್ಟ್ರೇ?" ಎಂದರು. ಅವರು ಸಹಜವಾಗಿ ಹೇಳಿದ ಮಾತು ನನಗೆ ಮಾತ್ರ ಚುಚ್ಚಿತು. ನನ್ನ ತಾಯಿ ಪಾರ್ಶ್ವವಾಯುವಿನಿಂದ ಎರಡು ವರ್ಷ ಮಲಗಿದ್ದರು. ಮಗ್ಗುಲು ಬದಲಿಸಿದ್ದು, ಒರೆಸಿದ್ದು, ಉಣಿಸಿದ್ದು, ರಾತ್ರಿ ಎದ್ದದ್ದು ನನ್ನ ಹೆಂಡತಿ. ನಾನು ಬೆಳಿಗ್ಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು "ಅವ್ವಾ, ಹೇಗಿದ್ದೀಯಾ?" ಎಂದು ಕೇಳಿ ಶಾಲೆಗೆ ಹೋಗುತ್ತಿದ್ದೆ. ನನ್ನ ತಾಯಿಯನ್ನು ನಾನೇ ನೋಡಿಕೊಂಡೆನೆಂದು ಹತ್ತು ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ನಿಮ್ಮಲ್ಲಿ ಕೆಲವರು ಅದನ್ನು ಕೇಳಿದ್ದೀರಿ. ಅದು ಸತ್ಯವಾಗಿರಲಿಲ್ಲ. ಆ ಕೆಲಸದ ಭಾರ ಎಷ್ಟೆಂದು ನನ್ನ ಕೈಗೆ ತಿಳಿದದ್ದು ಅರವತ್ತಾರನೆಯ ವಯಸ್ಸಿನಲ್ಲಿ, ಒಂದು ನಾಯಿಯಿಂದ.

ಆ ಹುಡುಗನ ಪ್ರಶ್ನೆ ನೆನಪಾದದ್ದು ಆಗಲೇ. ಕಾದಾಡಿ ಸತ್ತ ಕಾಳಿಗೆ ಕಲ್ಲು ಸಿಕ್ಕಿತು, ಭೂಮಿ ಸಿಕ್ಕಿತು, ಪೂಜೆ ಸಿಕ್ಕಿತು. ನಡ ಮುರಿದು ಬದುಕಿದ ನಾಯಿಗೆ? ಅದನ್ನು ನೋಡಿಕೊಂಡವರಿಗೆ?

ನಮ್ಮ ಗ್ರಂಥಗಳನ್ನೂ ಶಾಸನಗಳನ್ನೂ ನೆನೆದು ನೋಡಿದೆ. ಕ್ರಿ.ಪೂ. ಮೂರನೆಯ ಶತಮಾನದ ಅಶೋಕನು ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿರುವುದಾಗಿಯೂ, ಔಷಧದ ಗಿಡಗಳನ್ನು ತರಿಸಿ ನೆಡಿಸಿರುವುದಾಗಿಯೂ ಹೇಳುತ್ತಾನೆ. ಆನೆಗೆ ಪಾಲಕಾಪ್ಯನ ಶಾಸ್ತ್ರವುಂಟು. ಕನ್ನಡದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ', ಅಭಿನವಚಂದ್ರನ 'ಅಶ್ವವೈದ್ಯ' ಉಂಟು. ಆನೆ, ಕುದುರೆ ಯುದ್ಧಕ್ಕೆ ಬೇಕು. ಹಸು ಹಾಲಿಗೆ, ಎತ್ತು ಉಳುಮೆಗೆ ಬೇಕು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೆಂದೇ ಒಂದು ಅಧ್ಯಾಯವಿದೆ. ಆದರೆ ಅದು ಬರುವುದು ಅರಸನ ವಿನೋದಗಳ ಸಾಲಿನಲ್ಲಿ. ಯೂರೋಪಿನ ಕಥೆಯೂ ಬೇರೆಯಲ್ಲ. 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಮೊದಲ ಪಶುವೈದ್ಯ ಶಾಲೆ ಸ್ಥಾಪನೆಯಾದಾಗ ಅದರ ಗಮನವೆಲ್ಲ ಕುದುರೆ ಮತ್ತು ದನಗಳ ಮೇಲಿದ್ದಿತು. ದನಗಳ ಸಾಂಕ್ರಾಮಿಕ ರೋಗ ಆಗ ದೇಶವನ್ನೇ ಕಾಡುತ್ತಿತ್ತು. ಉಪಯೋಗವಿರುವ ಪ್ರಾಣಿಗೆ ಶಾಸ್ತ್ರ ಹುಟ್ಟಿತು. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದದ್ದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ನಾಯಿಯೂ ತನ್ನ ಕಾಲಿನ ಮೇಲೆ ನಡೆದು ಬಂದ ನಾಯಿ.

ಹಾಗಾದರೆ ನಡೆಯಲಾರದ ನಾಯಿಯ ಚರಿತ್ರೆ ಎಲ್ಲಿದೆ? ಅದು ಗ್ರಂಥದಲ್ಲಿಲ್ಲ, ಶಾಸನದಲ್ಲಿಲ್ಲ, ಮೂಳೆಯಲ್ಲಿದೆ.

ಉತ್ತರ ಆಫ್ರಿಕದ ಟ್ಯುನೀಷಿಯಾದಲ್ಲಿ ಕಾರ್ಥೇಜ್ ಎಂಬ ಪುರಾತನ ನಗರವಿದ್ದುದನ್ನು ನೀವು ಓದಿದ್ದೀರಿ. ಹ್ಯಾನಿಬಾಲನ ಊರು, ಮುಂದೆ ರೋಮನರ ಆಳ್ವಿಕೆಗೆ ಒಳಪಟ್ಟಿತು. ಅಲ್ಲಿಯ ಯಾಸ್ಮಿನಾ ಎಂಬ ಸ್ಮಶಾನದಲ್ಲಿ ಕ್ರಿ.ಶ. ಮೂರನೆಯ ಶತಮಾನದ ಒಂದು ಸಮಾಧಿ ದೊರೆಯಿತು. ಹರೆಯದ ವ್ಯಕ್ತಿಯೊಬ್ಬರ ಅಸ್ಥಿಪಂಜರ. ಅವರ ಕಾಲಬಳಿ ಮಡಿಲಲ್ಲಿ ಹಿಡಿಯುವಷ್ಟು ಪುಟ್ಟ ನಾಯಿಯೊಂದರ ಅಸ್ಥಿಪಂಜರ. ನಾಯಿಯ ಭುಜದ ಹಿಂದೆ ಒಂದು ಗಾಜಿನ ಬಟ್ಟಲು. ಮೈಕೆಲ್ ಮ್ಯಾಕಿನನ್ ಮತ್ತು ಬೆಲಾಂಜರ್ ಎಂಬ ಸಂಶೋಧಕರು 2006ರಲ್ಲಿ ಈ ನಾಯಿಯ ಮೂಳೆಗಳ ವಿವರವನ್ನು ಪ್ರಕಟಿಸಿದರು. ಅದು ಮುದಿ ನಾಯಿ. ಹಲ್ಲುಗಳು ಬಹುಪಾಲು ಉದುರಿಹೋಗಿದ್ದವು. ಕೀಲುಗಳಲ್ಲಿ ಸಂಧಿವಾತ. ಸೊಂಟದ ಕೀಲು ತಪ್ಪಿತ್ತು. ಬೆನ್ನುಮೂಳೆಯಲ್ಲಿಯೂ ವಿಕಾರವಿತ್ತು. ಬೇಟೆಗೆ ಹೋಗಲು, ಕಾವಲು ಕಾಯಲು, ಅಷ್ಟೇಕೆ, ಸರಿಯಾಗಿ ನಡೆಯಲೂ ಆ ನಾಯಿಗೆ ಆಗುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಗೆ ಯಾರೋ ಮೆತ್ತಗಿನ ಆಹಾರ ಕೊಟ್ಟಿರಬೇಕು. ಕದಲಲಾರದ ಮೈಯನ್ನು ಯಾರೋ ಎತ್ತಿರಬೇಕು. ಇಲ್ಲದಿದ್ದರೆ ಆ ವಯಸ್ಸಿನವರೆಗೆ ಬದುಕಲು ಸಾಧ್ಯವಿರಲಿಲ್ಲ. ಹದಿನೇಳು ಶತಮಾನಗಳ ಹಿಂದಿನ ಆ ಮನೆಯವರ ಹೆಸರು ಎಲ್ಲಿಯೂ ಬರೆದಿಲ್ಲ. ನಾಯಿಯ ಮೂಳೆಯೇ ಅವರ ಶಾಸನ.

ಇನ್ನೂ ಹಿಂದಕ್ಕೆ ಹೋಗೋಣ. ಮೊದಲನೆಯ ಮಹಾಯುದ್ಧ ಆರಂಭವಾದ 1914ರಲ್ಲಿಯೇ ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಪುರುಷ, ಒಬ್ಬ ಸ್ತ್ರೀ ಮತ್ತು ಒಂದು ನಾಯಿಮರಿ. ಕಾಲ ಸುಮಾರು 14,000 ವರ್ಷಗಳ ಹಿಂದೆ. ಮನುಷ್ಯನು ಬೇಸಾಯವನ್ನೇ ಕಲಿಯದಿದ್ದ ಕಾಲ. ಬೆಲ್ಜಿಯಂನ ಪಶುವೈದ್ಯರೂ ಪುರಾತತ್ತ್ವಜ್ಞರೂ ಆದ ಲುಕ್ ಯಾನ್ಸೆನ್ಸ್ ಮತ್ತು ಅವರ ಸಂಗಡಿಗರು ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಲೇಖನವು ನನ್ನನ್ನು ಬಹಳ ಕಾಡಿತು. ಹಲ್ಲಿನ ಮೇಲಿನ ಗೆರೆಗಳಿಂದ ಅದಕ್ಕೆ ಡಿಸ್ಟೆಂಪರ್ ಎಂಬ ಮಾರಕ ರೋಗ ತಗಲಿತ್ತೆಂದು ಅವರು ಕಂಡುಕೊಂಡರು. ಸುಮಾರು ಐದು ತಿಂಗಳ ಮರಿಯಾಗಿದ್ದಾಗ ಆರಂಭವಾದ ರೋಗ ಮೂರು ಸಲ ಉಲ್ಬಣಿಸಿ ಐದಾರು ವಾರ ಕಾಡಿತ್ತು. ಏಳು ತಿಂಗಳ ಹೊತ್ತಿಗೆ ಮರಿ ಸತ್ತಿತು. ಆರೈಕೆಯಿಲ್ಲದೆ ಅಷ್ಟು ವಾರ ಬದುಕುವ ರೋಗವಲ್ಲ ಅದು. ಬೆಚ್ಚಗಿಟ್ಟು, ವಾಂತಿ ಭೇದಿಯನ್ನು ಒರೆಸಿ, ನೀರುಣಿಸಿ ಯಾರೋ ನೋಡಿಕೊಂಡಿರಬೇಕೆಂಬುದು ಅವರ ವಾದ. ಬೇಟೆಗೆ ಒಂದು ದಿನವೂ ಒದಗದ ಮರಿ ಅದು. ಆದರೂ ಮನುಷ್ಯರ ಜೊತೆಯಲ್ಲಿಯೇ ಅದನ್ನು ಮಣ್ಣು ಮಾಡಿದ್ದಾರೆ.

ಇಲ್ಲಿ ಮೇಷ್ಟ್ರಾಗಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮೂಳೆಯೂ ನಾವು ಕೇಳಿದ್ದನ್ನೆಲ್ಲ ಹೇಳುವುದಿಲ್ಲ. ಹಳೆಯ ನಾಯಿಗಳ ಬೆನ್ನುಮಣಿಗಳ ಅಂಚಿನಲ್ಲಿ ಮೂಳೆ ಬೆಳೆದಿರುವುದನ್ನು ಕಂಡು, ಇವು ಹೊರೆ ಎಳೆದ ನಾಯಿಗಳೆಂದು ಬಹಳ ಕಾಲ ತೀರ್ಮಾನಿಸುತ್ತಿದ್ದರು. ಕೆನಡಾದ ಲೇಥಮ್ ಮತ್ತು ಲೋಸಿ ಎಂಬ ವಿದ್ವಾಂಸರು ತೋಳಗಳು, ಹಿಮಬಂಡಿ ಎಳೆದ ನಾಯಿಗಳು, ಯಾವ ಹೊರೆಯನ್ನೂ ಎಳೆಯದ ನಾಯಿಗಳು ಈ ಮೂರನ್ನೂ ಹೋಲಿಸಿ ನೋಡಿದರು. ಹೊರೆ ಎಳೆಯದವುಗಳಲ್ಲಿಯೂ ಅದೇ ಗುರುತು ಧಾರಾಳವಾಗಿತ್ತು. ವಯಸ್ಸಾದಂತೆ ಅದು ಸಹಜವಾಗಿ ಬರುವಂಥದು ಎಂದು 2019ರಲ್ಲಿ ಬರೆದರು. ಒಂದೇ ಗುರುತಿನಿಂದ ಕಥೆ ಕಟ್ಟಬಾರದು. ಯಾಸ್ಮಿನಾದ ನಾಯಿಯ ವಿಷಯದಲ್ಲಿ ನಂಬಿಕೆ ಬರುವುದು ಹಲ್ಲು, ಸೊಂಟ, ಬೆನ್ನು, ವಯಸ್ಸು, ಸಮಾಧಿಯ ಬಟ್ಟಲು ಇವೆಲ್ಲವೂ ಒಂದೇ ಮಾತನ್ನು ಹೇಳುವುದರಿಂದ.

ಈ ಹಳೆಯ ಕಥೆಗೆ ನಮ್ಮ ಕಾಲದ ಮುಂದುವರಿಕೆಯೂ ಇದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲು ಕಳೆದುಕೊಂಡಿದ್ದ 34 ಸಾಕುನಾಯಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು 2012ರಲ್ಲಿ ಪ್ರಕಟಿಸಿದರು. ನಾಯಿಯ ಸ್ವಂತ ಮೂಗಿನೊಳಗಿನ ಪೊರೆಯಿಂದ ಒಂದು ಬಗೆಯ ಜೀವಕೋಶಗಳನ್ನು ತೆಗೆದು, ಬೆಳೆಸಿ, ಪೆಟ್ಟಾದ ಜಾಗಕ್ಕೆ ಚುಚ್ಚಿದರು. ಆ ಚಿಕಿತ್ಸೆ ಪಡೆದವುಗಳಲ್ಲಿ ಅನೇಕ ನಾಯಿಗಳು ಯಂತ್ರದ ಪಟ್ಟಿಯ ಮೇಲೆ ಮುಂಗಾಲಿಗೆ ಹೊಂದಿಕೊಂಡು ಹಿಂಗಾಲನ್ನೂ ಎತ್ತಿಡತೊಡಗಿದವು. ಮಿದುಳಿನೊಡನೆ ದೂರದ ಸಂಪರ್ಕ ಮರಳಿ ಬೆಸೆಯಲಿಲ್ಲವೆಂದು ಆ ಸಂಶೋಧಕರೇ ಪ್ರಾಮಾಣಿಕವಾಗಿ ಹೇಳಿದ್ದಾರೆ. ಆ ನಾಯಿಗಳನ್ನು ಅವುಗಳ ಮನೆಯವರು ತಿಂಗಳುಗಟ್ಟಲೆ ಮಗ್ಗುಲು ಬದಲಿಸಿ, ಮೂತ್ರ ತೆಗೆಸಿ ಉಳಿಸಿಕೊಂಡಿರದಿದ್ದರೆ ಅಂಥ ಪರೀಕ್ಷೆಯೇ ನಡೆಯುತ್ತಿರಲಿಲ್ಲ. ಆ ಲೇಖನದಲ್ಲಿ ವಿಜ್ಞಾನಿಗಳ ಹೆಸರಿದೆ. ಅದು ನ್ಯಾಯವೇ. ಮನೆಯವರ ಕೆಲಸ ಅದರ ಕೆಳಗಿನ ಅಡಿಪಾಯದಂತೆ ಕಾಣದೆ ಉಳಿದಿದೆ.

ಈಗ ಪುಟ್ಟಿ ಹೇಗಿದೆ ಎಂದು ಕೇಳುತ್ತೀರಿ. ಮೂರನೆಯ ತಿಂಗಳಲ್ಲಿ ಮೂತ್ರದ ಹಿಡಿತ ಬಂದಿತು. ಆ ದಿನ ಅಂಗಳದ ತುಳಸಿಕಟ್ಟೆಯ ಪಕ್ಕದಲ್ಲಿ ತಾನಾಗಿ ಮೂತ್ರ ಮಾಡಿದ್ದನ್ನು ಕಂಡು ನನ್ನ ಹೆಂಡತಿ ಬಯ್ಯುವುದನ್ನೂ ಮರೆತು ನನ್ನನ್ನು ಕೂಗಿ ಕರೆದಳು. ಬಾಲ ಈಗ ಆಡುತ್ತದೆ. ಬಲಗಾಲು ಮೈಯ ಭಾರವನ್ನು ಸ್ವಲ್ಪ ಹೊರುತ್ತದೆ, ಎಡಗಾಲು ಎಳೆಯುತ್ತದೆ. ಮೊದಲಿನಂತೆ ಓಡುವುದಿಲ್ಲ, ಓಡಬಹುದೆಂಬ ಆಸೆಯನ್ನೂ ವೈದ್ಯರು ಕೊಟ್ಟಿಲ್ಲ. ಸೈಕಲ್ ಅಂಗಡಿಯಾತನೊಬ್ಬನು ಅಳತೆ ತೆಗೆದುಕೊಂಡು ಪಿವಿಸಿ ಪೈಪು, ಎರಡು ಪುಟ್ಟ ಚಕ್ರಗಳಿಂದ ಗಾಡಿಯೊಂದನ್ನು ಮಾಡಿಕೊಟ್ಟಿದ್ದಾನೆ. ಹಿಂಭಾಗವನ್ನು ಅದರಲ್ಲಿ ಇಟ್ಟು ಪಟ್ಟಿ ಬಿಗಿದರೆ ಸಂಜೆ ಬೀದಿಯ ಕೊನೆಯವರೆಗೆ ಹೋಗಿ ಬರುತ್ತದೆ. ಮಕ್ಕಳು "ಪುಟ್ಟಿ ತೇರು ಬಂತು" ಎಂದು ಹಿಂದೆ ಹಿಂದೆ ಬರುತ್ತಾರೆ. ನನ್ನ ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಯೂ ಸುಸೂತ್ರವಾಗಿ ಮುಗಿಯಿತು. ಆ ಹದಿನೈದು ದಿನ ಪುಟ್ಟಿಯ ಕೆಲಸವನ್ನೆಲ್ಲ ನಾನೇ ಮಾಡಿದೆ. ಅವಳ ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧ ಬಿಟ್ಟದ್ದೂ ನಾನೇ.

ಎಲ್ಲ ನಾಯಿಗಳಿಗೂ ಇದೇ ದಾರಿ ಎಂದು ನಾನು ಹೇಳುತ್ತಿಲ್ಲ. ನೋವಿನ ಅರಿವೂ ಉಳಿಯದೆ, ಹುಣ್ಣು ಸೋಂಕುಗಳಿಂದ ನರಳುವ ನಾಯಿಗೆ ಶಾಂತವಾದ ಕೊನೆಯನ್ನು ಕೊಡುವುದೂ ಆರೈಕೆಯೇ. ಮೊದಲನೆಯ ವೈದ್ಯರ ಮೇಲೆ ನನಗೆ ಬೇಸರವಿಲ್ಲ. ನಮ್ಮ ಪುಟ್ಟಿ ಇಕ್ಕಳದ ನೋವಿಗೆ ತಲೆ ತಿರುಗಿಸಿತು. ಮನೆಯಲ್ಲಿ ಬಿಡುವಿರುವ ಇಬ್ಬರು ಮುದುಕರಿದ್ದೆವು. ಅದರಿಂದ ಆಯಿತು.

ಕೊನೆಗೆ, 1994ರಲ್ಲಿ ಆ ಕಲ್ಲಿನ ಮುಂದೆ ಪ್ರಶ್ನೆ ಕೇಳಿದ ಹುಡುಗನಿಗೆ. ನಿನಗೀಗ ನಲವತ್ತೈದು ವರ್ಷವಿರಬಹುದು. ಇದನ್ನು ಓದುತ್ತಿದ್ದರೆ ನಿನ್ನನ್ನು ನೀನೇ ಗುರುತಿಸಿಕೊಳ್ಳುವೆ. ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು. ನಕ್ಕದ್ದು ನನ್ನ ತಪ್ಪು. ಇಲ್ಲಪ್ಪ, ನಡ ಮುರಿದುಕೊಂಡು ಬದುಕಿದ್ದರೆ ಕಾಳಿಗೆ ಕಲ್ಲು ನಿಲ್ಲಿಸುತ್ತಿರಲಿಲ್ಲ. ಆದರೆ ಮಣಲೆರನು ಬೇಕಾದುದನ್ನು ಕೇಳಿಕೊ ಎಂದಾಗ ನಾಯಿಯನ್ನು ಕೇಳಿ ಪಡೆದವನು. ಅವನ ಮನೆಯ ಹಿತ್ತಲಿನಲ್ಲಿ ಹುಲ್ಲಿನ ಹಾಸಿಗೆಯ ಮೇಲೆ ಕಾಳಿ ಮಲಗಿರುತ್ತಿತ್ತು, ಯಾರೋ ಒಬ್ಬರು ದಿನಕ್ಕೆ ನಾಲ್ಕು ಸಲ ಬಂದು ಅದರ ಮಗ್ಗುಲು ಬದಲಿಸುತ್ತಿದ್ದರು ಎಂದು ನಂಬುವುದು ನನಗೆ ಇಂದು ಕಷ್ಟವಾಗುವುದಿಲ್ಲ. ಅವರ ಹೆಸರು ನಮಗೆ ಸಿಕ್ಕುತ್ತಿರಲಿಲ್ಲ, ಅಷ್ಟೆ.

ಪುಟ್ಟಿಯ ಸಂಜೆಯ ಹೊತ್ತಾಯಿತು. ನಿಮ್ಮ ನಿಮ್ಮ ಮನೆಗಳಲ್ಲಿ ಹೀಗೆ ಮಲಗಿದವರನ್ನು, ಮನುಷ್ಯರಾಗಲಿ ಪ್ರಾಣಿಯಾಗಲಿ, ನೋಡಿಕೊಂಡವರು ಯಾರೆಂದು ನೆನಪಿದ್ದರೆ ಅವರ ಹೆಸರು ಹೇಳಿ ನನಗೆ ಎರಡು ಸಾಲು ಬರೆಯಿರಿ. ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಹಳೆಯ ಮೇಷ್ಟ್ರು